ಮೇಲ್ಹೊರೆ

ರೇಸ್‌ಕೋರ್ಸ್ ರಸ್ತೆಯ ಕಟ್ಟಡ, ಎರಡನೇ ಮಹಡಿ.
ಫ್ಯಾನಿನ ಕೆಳಗೆ ಐದು ಜನ ಸೇರಿ
ಭೂಮಿಗೆ ಕನ್ನಡ ಕಲಿಸುತ್ತಿದ್ದಾರೆ.
ನಾನು ಟೈಪಿಸುವವಳು. ಪುಟಕ್ಕೆ ಮೂವತ್ತೈದು ರೂಪಾಯಿ,
ತಪ್ಪಿದ್ದರೆ ಕಡಿತ.

ಮೊದಲ ವಾರವಿಡೀ ಹೋದದ್ದು ನೈಸ್ ಎಂಬ ಕಲ್ಲಿಗೆ.
ಈ ಊರು ಕೂತಿರುವುದೇ ಅದರ ಬೆನ್ನ ಮೇಲೆ,
ಮುನ್ನೂರು ಕೋಟಿ ವರ್ಷದ್ದು,
ಹೆಸರು ಹಾಗೇ ಇರಲಿ ಎಂದರು ಪ್ರಾಣೇಶ ರಾಯರು.
"ಜನ ಟೋಲ್ ಕಟ್ಟೋ ರಸ್ತೆ ಅಂದ್ಕೋತಾರೆ ಸ್ವಾಮಿ,"
ಮುನವ್ವರ್ ಸಾಹೇಬರು ನಕ್ಕರು.
ಪಟ್ಟೆಶಿಲೆ ಎಂದು ಬರೆದು, ಗೀಟು ಹೊಡೆದು,
ಮತ್ತೆ ನೈಸ್.
ಕಲ್ಲಿಗೇನೂ ಅವಸರವಿರಲಿಲ್ಲ.

ಮನೆಯಲ್ಲಿ ನಮಗದು ರಾಯಿ.
ಶಾಲೆಗೆ ಹೋದ ಮೇಲೆ ಕಲ್ಲಾಯಿತು,
ಇಲ್ಲಿ ಬಂದು ಶಿಲೆ.
ಮೂರೂ ಒಂದೇ ತೂಕ, ಹೊತ್ತವರನ್ನು ಕೇಳಿ.

ಅದಿರು: ನಾಮಪದ. ಲೋಹ ತೆಗೆಯಲು ಯೋಗ್ಯವಾದ ಖನಿಜ.
ಬೆರಳು ಕೀಲಿಯ ಮೇಲೇ ನಿಂತಿತು.
ನಮ್ಮಲ್ಲಿ ಅದು ಬರೀ ಕ್ರಿಯಾಪದ.
ಬಾಗಲೂರಿನಾಚೆ ಕ್ವಾರಿಯ ಅಂಚಿಗೆ ತಗಡಿನ ಶೆಡ್ಡು,
ಸಂಜೆ ನಾಲ್ಕಕ್ಕೆ ಮದ್ದು ಸಿಡಿಸುವ ಹೊತ್ತು,
ಓಬಕ್ಕ ಲೋಟಗಳನ್ನೆಲ್ಲ ನೆಲಕ್ಕಿಳಿಸಿ ಬೋರಲು ಹಾಕಿ
ಹಾಲಿನ ಪಾತ್ರೆಯೊಂದನ್ನು ಮಡಿಲಲ್ಲಿಟ್ಟು ಕೂರುವಳು.
ಸೀಟಿ.
ಆಮೇಲೆ ನೆಲ, ತಗಡು, ಹಲ್ಲು,
ಹಾಲಿನ ಮೇಲೆ ಬಳೆ ಬಳೆಯಾಗಿ ಅಲೆ.

ಅಭ್ರಕ ಬಂದಾಗ ಒಮ್ಮೆ ಬಾಯಿಬಿಟ್ಟೆ:
ಕಾಗೆ ಬಂಗಾರ ಅಂತಾರೆ ಸಾರ್.
"ಚೆನ್ನಾಗಿದೆಯಲ್ಲ," ಎಂದರು ರಾಯರು, "ಆವರಣದಲ್ಲಿ ಹಾಕಿಬಿಡಿ."
ಹಾಕಿದೆ.
ಮದುವೆ ಆಟದಲ್ಲಿ ತಂಗಿಯ ಕೆನ್ನೆಗೆ ಮೆತ್ತಿದ್ದು
ಎರಡು ದಿನ ತೊಳೆದರೂ ಮಿನುಗುತ್ತಿತ್ತು.

ವಿದಳನಕ್ಕೆ ಮೂರು ಸಭೆ ಹಿಡಿಯಿತು.
ಕಲ್ಲು ತಾನಾಗಿ ಸೀಳಿಕೊಡುವ ದಿಕ್ಕು ಇರುತ್ತದಲ್ಲ,
ತಾತ ಗುರ್ರಪ್ಪ ಅದಕ್ಕೆ ಓಟ ಎನ್ನುತ್ತಿದ್ದ.
ಓಟ ನೋಡಿ ಹೊಡಿ. ಎದುರು ಹೊಡೆದೆಯೋ
ಚಾಣ ಮುರಿಯುತ್ತೆ, ಬಂಡೆ ನಗುತ್ತೆ.
ನಾಲಿಗೆ ತುದಿಯವರೆಗೂ ಬಂತು.
ಅಷ್ಟರಲ್ಲಿ ಕಾಫಿ ಬಂತು.
ವಿದಳನ ಎಂದೇ ಟೈಪಿಸಿದೆ, ತಪ್ಪಿಲ್ಲದೆ.

ಅವಸಾದ: ನೀರಿನ ತಳದಲ್ಲಿ ಕಾಲಾಂತರದಲ್ಲಿ ಕೂತ ಕಣಗಳ ಪದರ.
ತಾತನ ಎಕ್ಸ್‌ರೇ ಕಿಟಕಿಗೆ ಹಿಡಿದು
ಡಾಕ್ಟರೂ ಹೆಚ್ಚು ಕಡಿಮೆ ಇದನ್ನೇ ಹೇಳಿದ್ದರು,
ನೀರು ಎಂಬುದೊಂದನ್ನು ಬಿಟ್ಟು.

ಬೇಡವಾದದ್ದಕ್ಕೆ ಗಣಿಯವರ ಬಳಿ ಎಷ್ಟೊಂದು ಹೆಸರು!
ಕಸಗಲ್ಲು, ಹೊಟ್ಟು, ಶೇಷ,
ಎಲ್ಲಕ್ಕೂ ದೊಡ್ಡದು ಮೇಲ್ಹೊರೆ:
ಅದಿರಿನ ಮೇಲಿದ್ದು, ತೆಗೆದುಹಾಕಬೇಕಾದ ಎಲ್ಲವೂ.
"ಎಲ್ಲವೂ ಅಂದರೆ?" ಮುನವ್ವರ್ ಸಾಹೇಬರು ಬಿಡಲಿಲ್ಲ.
"ಮಣ್ಣು, ಗರಸು, ಗಿಡಗಂಟಿ," ರಾಯರು ಕನ್ನಡಕ ಒರೆಸಿದರು,
"ಇತ್ಯಾದಿ."

ಇತ್ಯಾದಿಯಲ್ಲಿ ನಮ್ಮ ಶೆಡ್ಡಿತ್ತು.
ಓಬಕ್ಕನ ಒರಳಿತ್ತು, ಅದನ್ನೂ ತಾತನೇ ಕಡೆದದ್ದು.
ಕ್ವಾರಿ ನಿಂತು ಹನ್ನೊಂದು ವರ್ಷ. ಈಗ ಆ ಗುಂಡಿಗೆ
ಬೆಳಗಿನ ಜಾವ ಊರಿನ ಕಸದ ಲಾರಿಗಳು ಸಾಲುಗಟ್ಟುತ್ತವೆ.
ಪಟ್ಟಿಯಲ್ಲಿ ಹುಡುಕಿದೆ, ಅದಕ್ಕೂ ಪದವಿದೆ, ಮರುಭರ್ತಿ.
ವಾಸನೆಗೆ ಕಾಲಂ ಇಲ್ಲ.

ಹೋದ ಬುಧವಾರ ಎದೆರೋಗದ ಆಸ್ಪತ್ರೆಯಿಂದ ನೇರ
ತಾತನನ್ನು ಇಲ್ಲಿಗೇ ಕರೆತಂದೆ, ಬಸ್ಸಿಗೆ ಇನ್ನೂ ಹೊತ್ತಿತ್ತು.
ಸಭೆ ಮುಗಿದು ಕುರ್ಚಿಗಳು ಖಾಲಿ.
ಕಿವಿಯನ್ನು ಮದ್ದು ಎಂದೋ ತಿಂದಿದೆ,
ಈಗವನು ಕೇಳುವುದು ಅಂಗೈಯಲ್ಲಿ.
ಮೇಜಿನ ಪಾಲಿಷ್ ಚಪ್ಪಡಿಯ ಮೇಲೆ ಒಂದು ಕೈ ಚಾಚಿ
ಇನ್ನೊಂದರ ಗೆಣ್ಣಿನಿಂದ ಬಡಿದ.
"ನಮ್ಮದಲ್ಲ. ಕನಕಪುರದ ಕಡೇದು."
ಕೆಮ್ಮಿದ. ಕಾದ. ಮತ್ತೆ ಬಡಿದ.
ಆಮೇಲೆ, ನಾನು ತಡೆಯುವ ಮೊದಲೇ,
ನಾನ್ನೂರ ಹನ್ನೆರಡು ಪುಟದ ಕಟ್ಟನ್ನು
ಎರಡೂ ಕೈಯಲ್ಲಿ ಪಕ್ಕಕ್ಕೆ ಸರಿಸಿದ,
ಅಡಿಯ ಕಲ್ಲು ನೋಡಲು.